ಗುರುದೀಕ್ಷೆಯಾಗಿ ಹದಿನಾಲ್ಕು ವರ್ಷ, ಈಗ ಏನು ಓದಲಿ?

ಕ್ರೈಸ್ತ ಸಭಾಪಾಲಕರ ಮತ್ತು ಮಿಷನರಿಗಳ ಮುಂದಿನ ಓದು, ತರಬೇತಿಯ ಬಗ್ಗೆ ಬಂದ ಪತ್ರಗಳಲ್ಲಿ ಐದನ್ನು ಈ ಬಾರಿ ಆಯ್ದುಕೊಂಡಿದ್ದೇನೆ. ಪಾಲಕರನ್ನು ತಯಾರು ಮಾಡುವ ಶಾಲೆಯಾದ ಸೆಮಿನರಿಯ ತರಗತಿಯಲ್ಲಿ ಪಾಠ ಹೇಳಿದ್ದಕ್ಕಿಂತ ಹೆಚ್ಚು ವರ್ಷ ಸೇವೆಯಲ್ಲಿರುವವರ ಜೊತೆ ಕೂತು ಓದಿದವನು ನಾನು. ಮೊದಲ ಪತ್ರಕ್ಕೆ ಉದ್ದ ಉತ್ತರವೇ ಬೇಕಾಯಿತು.

ಪ್ರಶ್ನೆ: ಗುರುದೀಕ್ಷೆಯಾಗಿ 14 ವರ್ಷವಾಯಿತು. ಮೊದಲ ನಾಲ್ಕೈದು ವರ್ಷ ಸೆಮಿನರಿಯ ನೋಟ್ಸ್ ಕೈಹಿಡಿದವು. ಈಗ ಶನಿವಾರ ರಾತ್ರಿ ಬಂತೆಂದರೆ ಎದೆ ಭಾರ. ಹಳೆಯ ಪ್ರಸಂಗವನ್ನೇ ಉದಾಹರಣೆ ಬದಲಿಸಿ ಹೇಳುತ್ತಿದ್ದೇನೆ, ಅದು ಸಭೆಯವರಿಗೂ ಗೊತ್ತಾಗುತ್ತಿದೆ. ಎರಡು ವರ್ಷ ರಜೆ ಹಾಕಿ ಮೇಲಿನ ಪದವಿಗೆ ಸೇರಲೇ? ಕಮಿಟಿಯವರು "ಓದಿ ಬಂದಿದ್ದೀರಲ್ಲ, ಮತ್ತೇಕೆ?" ಅನ್ನುತ್ತಾರೆ.

ಉತ್ತರ: ಅಯ್ಯನವರೇ, ನಿಮ್ಮ ಶನಿವಾರದ ರಾತ್ರಿ ನನಗೆ ಪರಿಚಿತ. ಭಕ್ತಿ ಕುಂದಿತೆಂದು ನಿಮ್ಮನ್ನು ನೀವೇ ಹಳಿದುಕೊಳ್ಳಬೇಡಿ. ಹದಿನಾಲ್ಕು ವರ್ಷ ಮೊಗೆದು ಕೊಟ್ಟಿದ್ದೀರಿ, ತುಂಬಿಕೊಳ್ಳಲು ಯಾರೂ ಬಿಡುವು ಕೊಟ್ಟಿಲ್ಲ.

ಕಮಿಟಿಯವರಿಗೆ ಸತ್ಯವೇದದ (ಬೈಬಲಿನ) ಅಪೊಸ್ತಲರ ಕೃತ್ಯಗಳ 18ನೆಯ ಅಧ್ಯಾಯ ಓದಿ ಹೇಳಿ. ಅಪೊಲ್ಲೋಸ ವಾಕ್ಚತುರ, ಶಾಸ್ತ್ರದಲ್ಲಿ ಪ್ರವೀಣ, ಎಫೆಸದ ಸಭಾಮಂದಿರದಲ್ಲಿ ಧೈರ್ಯವಾಗಿ ಮಾತಾಡಿದವನು. ಆದರೆ ಅವನಿಗೆ ಗೊತ್ತಿದ್ದದ್ದು ಯೋಹಾನನ ದೀಕ್ಷಾಸ್ನಾನ ಒಂದೇ. ಗುಡಾರ ಮಾಡಿ ಬದುಕುತ್ತಿದ್ದ ಪ್ರಿಸ್ಕಿಲ್ಲ, ಅಕ್ವಿಲ ದಂಪತಿ ಅವನನ್ನು ಕರೆದುಕೊಂಡು ಹೋಗಿ ದೇವರ ಮಾರ್ಗವನ್ನು ಇನ್ನೂ ಸೂಕ್ಷ್ಮವಾಗಿ ವಿವರಿಸಿದರು. ಅವನು ಬೋಧಿಸುವುದನ್ನು ಬಿಡಬೇಕಾಗಿ ಬರಲಿಲ್ಲ. ಕಲಿತು ಅಖಾಯಕ್ಕೆ ಹೋದ ಮೇಲೆ ಅಲ್ಲಿಯವರಿಗೆ ಇನ್ನೂ ಹೆಚ್ಚು ನೆರವಾದ. ಪೌಲನನ್ನೂ ನೆನೆಯಿರಿ. ಸೆರೆಯಲ್ಲಿ ಕೊನೆಗಾಲ ಹತ್ತಿರವಾಯಿತೆಂದು ಬರೆಯುತ್ತಲೇ ಶಿಷ್ಯ ತಿಮೊಥೆಗೆ ಹೇಳುತ್ತಾನೆ: ತ್ರೋವ ಊರಿನಲ್ಲಿ ಕಾರ್ಪನ ಬಳಿ ಬಿಟ್ಟ ಮೇಲಂಗಿ ತಾ, ಪುಸ್ತಕಗಳನ್ನೂ ತಾ, ಮುಖ್ಯವಾಗಿ ಚರ್ಮದ ಕಾಗದಗಳನ್ನು. ಚಳಿಗಾಲ ಎದುರಿಗಿತ್ತು, ಆದರೂ ಆ ಮುದುಕನಿಗೆ ಅಂಗಿಯೊಂದೇ ಸಾಲಲಿಲ್ಲ.

ಇನ್ನು ಎರಡು ವರ್ಷದ ರಜೆ. ಈಗಲೇ ಬೇಡ ಅನ್ನುತ್ತೇನೆ. ಹೋಗಿ ಪದವಿ ತಂದು, ಬಂದ ವರ್ಷದೊಳಗೇ ಮತ್ತೆ ಅದೇ ಶನಿವಾರಕ್ಕೆ ಬಂದು ನಿಂತವರನ್ನು ನೋಡಿದ್ದೇನೆ. ತರಗತಿ ಅವರಿಗೆ ತನ್ನ ಪ್ರಶ್ನೆಗಳನ್ನು ಕೊಟ್ಟಿತ್ತು, ಸಭೆಯ ಪ್ರಶ್ನೆಗಳು ಸಭೆಯಲ್ಲೇ ಕಾಯುತ್ತಿದ್ದವು. ಇದಕ್ಕೊಂದು ಹಳೆಯ ಪಾಠವಿದೆ. 1963ರಲ್ಲಿ ಮಧ್ಯ ಅಮೆರಿಕದ ಗ್ವಾಟೆಮಾಲಾದ ಪ್ರೆಸ್ಬಿಟೇರಿಯನ್ ಪಂಗಡದ ಸೆಮಿನರಿ ತನ್ನ ರೂಢಿಯನ್ನೇ ತಿರುಗಿಸಿತು. ಹಳ್ಳಿಯ ಸಭೆಗಳನ್ನು ನಿಜವಾಗಿ ನಡೆಸುತ್ತಿದ್ದವರು ಹೊಲ, ಸಂಸಾರ ಬಿಟ್ಟು ವಸತಿ ಸೆಮಿನರಿಗೆ ಬರಲಾರದವರು. ಬಂದು ಓದಿದ ಎಳೆಯರಲ್ಲಿ ಹಲವರು ಹಳ್ಳಿಗೆ ಮರಳುತ್ತಿರಲಿಲ್ಲ. ಜೇಮ್ಸ್ ಎಮೆರಿ, ರಾಲ್ಫ್ ವಿಂಟರ್, ರಾಸ್ ಕಿನ್ಸ್ಲರ್ ಮೊದಲಾದವರು ಪಾಠವನ್ನು ಹಳ್ಳಿಗೇ ಒಯ್ದರು. ಮನೆಯಲ್ಲಿ ಸ್ವಂತ ಓದಿಗೆಂದೇ ಬರೆದ ಪುಸ್ತಕ, ವಾರಕ್ಕೊಮ್ಮೆ ಹತ್ತಿರದ ಕೇಂದ್ರದಲ್ಲಿ ಶಿಕ್ಷಕರ ಜೊತೆ ಚರ್ಚೆ, ನಡುವಿನ ದಿನಗಳಲ್ಲಿ ಎಂದಿನ ಸೇವೆ. ಮುಂದೆ ಲೋಕದ ಬಹಳ ಕಡೆಗೆ ಹಬ್ಬಿದ ವಿಸ್ತರಣಾ ದೈವಶಾಸ್ತ್ರ ಶಿಕ್ಷಣ ಹುಟ್ಟಿದ್ದು ಹೀಗೆ. ಮೂರೂ ಒಂದೇ ವಾರದೊಳಗೆ ಬಂದದ್ದರಿಂದ ಮಂಗಳವಾರ ಓದಿದ್ದನ್ನು ಗುರುವಾರ ರೋಗಿಯ ಹಾಸಿಗೆಯ ಪಕ್ಕದಲ್ಲಿ ಪರೀಕ್ಷೆಗೆ ಒಡ್ಡಿ, ಸೋತ ಕಡೆ ಮತ್ತೆ ಶಿಕ್ಷಕರನ್ನು ಕೇಳಬಹುದಿತ್ತು.

ಇನ್ನೂ ಹಿಂದಕ್ಕೆ ಹೋದರೆ ಜಿನೀವಾ. 1541ರ ಸಭಾ ಕಟ್ಟಳೆಯ ಪ್ರಕಾರ ನಗರದ, ಸುತ್ತಲ ಹಳ್ಳಿಗಳ ಪಾಲಕರು ವಾರಕ್ಕೊಮ್ಮೆ ಸೇರಬೇಕಿತ್ತು. ಆ ದಿನ ಶುಕ್ರವಾರ. ಸರದಿಯ ಮೇಲೆ ಒಬ್ಬರು ಶಾಸ್ತ್ರಭಾಗ ವಿವರಿಸುವರು, ಉಳಿದವರು ಅದನ್ನು ತೂಗುವರು. ಆ ಊರಿನ ಸುಧಾರಣೆಯ ನಾಯಕ ಕ್ಯಾಲ್ವಿನ್ ಕೂಡ ಆ ಸಾಲಿನಲ್ಲಿ ಕೂತವನೇ.

ನೀವು ಇದನ್ನೇ ಸಣ್ಣದಾಗಿ ಮಾಡಿ. ಮೊದಲು ಒಂದು ಸಂಜೆ ಕೂತು, 14 ವರ್ಷದಲ್ಲಿ ಪ್ರಸಂಗಕ್ಕೆ ತೆಗೆದುಕೊಂಡ ವಚನಗಳನ್ನು ನೆನಪಿದ್ದಷ್ಟು ಪಟ್ಟಿ ಮಾಡಿ. ಸತ್ಯವೇದದ ಯಾವ ಪುಸ್ತಕಗಳ ಎದುರು ಖಾಲಿ ಇದೆ ನೋಡಿ. ನನ್ನ ಪಟ್ಟಿಯಲ್ಲಿ ಶೋಕಗೀತೆಗಳ ಪುಸ್ತಕವಾದ ಪ್ರಲಾಪಗಳು ಒಮ್ಮೆಯೂ ಇರಲಿಲ್ಲ. ಸಾವಿನ ಮನೆಗಳಲ್ಲಿ ನಾನು ಅಳುವವರನ್ನು ಅಳಲು ಬಿಡದೆ ಯಾಕಷ್ಟು ಬೇಗ ಸಾಂತ್ವನಕ್ಕೆ ಓಡುತ್ತಿದ್ದೆ ಎಂಬುದು ಆ ಖಾಲಿ ಜಾಗ ನೋಡಿದಾಗ ಹೊಳೆಯಿತು. ನಿಮ್ಮ ಮುಂದಿನ ವರ್ಷದ ಓದು ಅಂಥ ಒಂದು ಪುಸ್ತಕದಿಂದ ಶುರುವಾಗಲಿ.

ಆಮೇಲೆ ಇನ್ನು ಮೂವರು ಸಭಾಪಾಲಕರನ್ನು ಹುಡುಕಿ. ಬೇರೆ ಪಂಗಡದವರಾದರೆ ಇನ್ನೂ ಒಳ್ಳೆಯದು, ಹುದ್ದೆ ವರ್ಗಾವಣೆಯ ಲೆಕ್ಕಾಚಾರ ನಡುವೆ ಬರುವುದಿಲ್ಲ. ಹದಿನೈದು ದಿನಕ್ಕೊಮ್ಮೆ ಎರಡು ಗಂಟೆ. ಮೊದಲ ಗಂಟೆ ಎಲ್ಲರೂ ಮುಂದೆ ಪ್ರಸಂಗಿಸಲಿರುವ ಒಂದೇ ಭಾಗದ ಓದು, ಎರಡನೆಯದರಲ್ಲಿ ಒಬ್ಬರ ಪ್ರಸಂಗದ ಧ್ವನಿಮುದ್ರಣ ಕೇಳಿ ಮಾತುಕತೆ. ಕೇಳಿಸುವವರು ಮೊದಲೇ ಒಂದು ಕೆಲಸ ಮಾಡಿರಬೇಕು. ಸೋಮವಾರ ಸಭೆಯ ಮೂವರನ್ನು, ಅವರಲ್ಲಿ ಒಬ್ಬ ಹುಡುಗ ಅಥವಾ ಹುಡುಗಿಯನ್ನು, "ನಿನ್ನೆ ಕೇಳಿದ್ದರಲ್ಲಿ ಏನು ನೆನಪಿದೆ?" ಎಂದು ಕೇಳಿ ಅವರು ಹೇಳಿದ್ದನ್ನು ಹಾಗೇ ಬರೆದು ತರಬೇಕು. ನಾವು ಹೇಳಿದೆವು ಅಂದುಕೊಂಡದ್ದಕ್ಕೂ ಅವರು ಕೇಳಿಸಿಕೊಂಡದ್ದಕ್ಕೂ ಇರುವ ದೂರ ನೋಡಿದರೆ ಮೊದಲ ಸಲ ನೋವಾಗುತ್ತದೆ. ನನಗಂತೂ ಆಯಿತು. ಆ ನೋವು ಕಲಿಸಿದಷ್ಟನ್ನು ಯಾವ ಉಪನ್ಯಾಸವೂ ಕಲಿಸಲಿಲ್ಲ.

ಒಂದು ವರ್ಷ ಹೀಗೆ ನಡೆದ ಮೇಲೆ ಯಾವುದಾದರೂ ಒಂದು ಪ್ರಶ್ನೆ ನಿಮ್ಮನ್ನು ಬಿಡದೆ ಕಾಡಿದರೆ, ಆಗ ಆ ಪ್ರಶ್ನೆಯನ್ನು ಹೊತ್ತುಕೊಂಡೇ ಪದವಿಗೆ ಹೋಗಿ.

ಪ್ರಶ್ನೆ: ನಮ್ಮ ಯಜಮಾನರು ಸಭಾಪಾಲಕರು. ಮನೆಗೆ ಬರುವ ಹೆಂಗಸರು ಕುಡಿತ, ಹೊಡೆತ, ಸಾಯಬೇಕು ಅನಿಸುತ್ತದೆ ಎಂಬುದನ್ನೆಲ್ಲ ನನ್ನ ಬಳಿಯೇ ಹೇಳಿಕೊಳ್ಳುತ್ತಾರೆ. ನನಗೆ ಯಾವ ತರಬೇತಿಯೂ ಇಲ್ಲ. ಪ್ರಾರ್ಥಿಸಿ ಕಳಿಸುತ್ತೇನೆ, ಆದರೆ ರಾತ್ರಿ ನಿದ್ದೆ ಬರುವುದಿಲ್ಲ.

ಉತ್ತರ: ಅಮ್ಮಾ, ಸಭಾಪಾಲಕರ ತರಬೇತಿಯ ಆಹ್ವಾನ ಪತ್ರದಲ್ಲಿ ನಿಮ್ಮಂಥವರ ಹೆಸರು ಇರುವುದಿಲ್ಲ, ಭಾರ ಮಾತ್ರ ನಿಮ್ಮ ಮೇಲೆ. ಇದು ಸರಿಯಲ್ಲ ಎಂದು ನಾನು ಕೂತ ಪ್ರತಿ ಸಮಿತಿಯಲ್ಲೂ ಹೇಳಿದ್ದೇನೆ, ಇಲ್ಲಿಯೂ ಹೇಳುತ್ತೇನೆ.

ನಿಮಗೆ ಬೇಕಾದ ತರಬೇತಿ ಶುರುವಾದದ್ದು ಆಸ್ಪತ್ರೆಯಲ್ಲಿ. ಆಂಟನ್ ಬಾಯ್ಸನ್ ಎಂಬ ಅಮೆರಿಕದ ಸಭಾಪಾಲಕರು 1920ರಲ್ಲಿ ತಾವೇ ಮಾನಸಿಕ ಆಸ್ಪತ್ರೆಯಲ್ಲಿ ರೋಗಿಯಾಗಿದ್ದವರು. 1925ರ ಬೇಸಿಗೆಯಲ್ಲಿ ಮ್ಯಾಸಚೂಸೆಟ್ಸ್‌ನ ವೂಸ್ಟರ್ ಸರ್ಕಾರಿ ಮಾನಸಿಕ ಆಸ್ಪತ್ರೆಗೆ ದೈವಶಾಸ್ತ್ರದ ಕೆಲವು ವಿದ್ಯಾರ್ಥಿಗಳನ್ನು ಕರೆತಂದರು. ಪುಸ್ತಕದಂತೆಯೇ ಜೀವಂತ ಮನುಷ್ಯರನ್ನೂ ಓದಲು ಕಲಿಯಬೇಕು ಎಂಬುದು ಅವರ ಹಟ. ಇಂದಿನ ಪಾಲನಾ ಸೇವೆಯ ಆಸ್ಪತ್ರೆ ತರಬೇತಿ ಆ ಮೊಳಕೆಯಿಂದ ಬೆಳೆದದ್ದು. ಅದರ ಒಂದು ಪೂರ್ಣ ಘಟಕ ಸಾಮಾನ್ಯವಾಗಿ 400 ಗಂಟೆ. ರೋಗಿಯೊಡನೆ ಆಡಿದ ಮಾತನ್ನು ನೆನಪಿನಿಂದ ಸಾಲು ಸಾಲಾಗಿ ಬರೆದು, ಮಾರ್ಗದರ್ಶಕರ ಮುಂದೆ ಓದುವುದು ಅದರ ಜೀವಾಳ. ನಾನು ಹಾಗೆ ಬರೆದ ಮೊದಲ ಹಾಳೆಯಲ್ಲಿ ರೋಗಿಯ ಮಾತು ನಾಲ್ಕು ಸಾಲಿತ್ತು, ನನ್ನದು ಪುಟ ತುಂಬಿತ್ತು.

ತರಬೇತಿ ಸಿಗುವವರೆಗೆ ಇಷ್ಟು ನೆನಪಿಡಿ. ಸಾಯಬೇಕು ಎಂದವರನ್ನು "ಜೀವ ತೆಗೆದುಕೊಳ್ಳುವ ಯೋಚನೆ ಇದೆಯಾ?" ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ, ಬಾಯಿ ಬಿಡಲು ದಾರಿಯಾಗುತ್ತದೆ. ಹೌದೆಂದರೆ ಅವರನ್ನು ಒಂಟಿಯಾಗಿ ಬಿಡಬೇಡಿ, ವಿಷ, ಮಾತ್ರೆಗಳಂಥವು ಕೈಗೆ ಸಿಗದಂತೆ ಮನೆಯವರಿಗೆ ಹೇಳಿ, ಅಂದೇ ವೈದ್ಯರ ಬಳಿಗೆ ಜೊತೆಯಲ್ಲಿ ಹೋಗಿ. ದಾರಿಯುದ್ದಕ್ಕೂ ಪ್ರಾರ್ಥಿಸಿ, ಆದರೆ ಪ್ರಾರ್ಥಿಸಿದೆವೆಂದು ವೈದ್ಯರನ್ನು ಬಿಡಬೇಡಿ. ಹೊಡೆತ ತಿನ್ನುವವಳಿಗೆ "ಸಹಿಸಿಕೊ" ಎಂದು ಎಂದೂ ಹೇಳಬೇಡಿ, ಮೊದಲು ಅವಳು ಸುರಕ್ಷಿತವಾಗಿರಬೇಕು. "ಯಾರಿಗೂ ಹೇಳುವುದಿಲ್ಲ" ಎಂದು ಮೊದಲೇ ಮಾತು ಕೊಡಬೇಡಿ. ಮಗುವಿಗೆ ಕೇಡಾಗುತ್ತಿದ್ದರೆ ನೀವು ಹೇಳಲೇಬೇಕಾಗುತ್ತದೆ. ನಿಮ್ಮ ನಿದ್ದೆಗೂ ಒಂದು ಮಾತು: ಯಾರ ಗುಟ್ಟನ್ನೂ ಬಿಟ್ಟುಕೊಡದೆ, ನೀವೇ ಹೋಗಿ ಹೇಳಿಕೊಳ್ಳಲು ಸಭೆಯ ಹೊರಗಿನ ಒಬ್ಬ ಅನುಭವಸ್ಥೆ ನಿಮಗೂ ಬೇಕು.

ಪ್ರಶ್ನೆ: ಆರು ವರ್ಷ ಬೇರೆ ಭಾಷೆಯವರ ನಡುವೆ ಸೇವೆ ಮಾಡಿ ಒಂದು ವರ್ಷದ ರಜೆಗೆ ಬಂದಿದ್ದೇನೆ. ಪ್ರತಿ ಭಾನುವಾರ ಒಂದೊಂದು ಸಭೆಯಲ್ಲಿ ವರದಿ ಒಪ್ಪಿಸುವುದೇ ಆಗಿದೆ. ಈ ವರ್ಷ ಏನಾದರೂ ಕಲಿಯಬೇಕೆಂಬ ಆಸೆ.

ಉತ್ತರ: ಮಾರ್ಕನ 6ನೆಯ ಅಧ್ಯಾಯದಲ್ಲಿ, ಕಳುಹಿಸಲ್ಪಟ್ಟ ಶಿಷ್ಯರು ಮರಳಿ ಬಂದು ತಾವು ಮಾಡಿದ್ದನ್ನೂ ಕಲಿಸಿದ್ದನ್ನೂ ಯೇಸುವಿಗೆ ಹೇಳುತ್ತಾರೆ. ಅವರಿಗೆ ಊಟಕ್ಕೂ ಬಿಡುವಿರಲಿಲ್ಲ. ಆತನು ಅವರನ್ನು ಜನರಿಲ್ಲದ ಕಡೆಗೆ, ಸ್ವಲ್ಪ ದಣಿವಾರಿಸಿಕೊಳ್ಳಲು ಕರೆಯುತ್ತಾನೆ. ನಿಮ್ಮ ಕ್ರಮವೂ ಅದೇ ಆಗಲಿ. ಮೊದಲ ತಿಂಗಳು ಯಾವ ಆಹ್ವಾನವನ್ನೂ ಒಪ್ಪಬೇಡಿ. ಎರಡು ಮೂರು ದಿನ ಒಬ್ಬ ಅನುಭವಿ ಕೇಳುಗರ ಮುಂದೆ ಆರು ವರ್ಷವನ್ನು ಪೂರ್ತಿ ಹೇಳಿ, ಸೋತದ್ದನ್ನೂ ಸಿಟ್ಟನ್ನೂ ಸೇರಿಸಿ. ಆ ಕೇಳುಗರು ನಿಮ್ಮ ಮುಂದಿನ ನೇಮಕವನ್ನು ನಿರ್ಧರಿಸುವವರಾಗಿರಬಾರದು. ಆಗ ಮಾತ್ರ ಬಾಯಿ ತೆರೆಯುತ್ತದೆ.

ಓದಿಗೆ ಒಂದೇ ವಿಷಯ ಹಿಡಿಯಿರಿ. ನನ್ನ ಆಯ್ಕೆ ಭಾಷೆ. ಆರು ವರ್ಷದ ಹೊತ್ತಿಗೆ ಪ್ರಸಂಗ ಮಾಡಲು ಬರುತ್ತದೆ, ಅಲ್ಲಿಗೆ ಹೆಚ್ಚಿನವರು ನಿಲ್ಲಿಸಿಬಿಡುತ್ತಾರೆ. ಆದರೆ ಇಬ್ಬರು ಅಜ್ಜಿಯರು ಜಗಳವಾಡಿದರೆ ಪೂರ್ತಿ ಅರ್ಥವಾಗುತ್ತದೆಯೇ? ಹಾಸ್ಯಕ್ಕೆ ಎಲ್ಲರ ಜೊತೆಗೇ ನಗು ಬರುತ್ತದೆಯೇ? ಆ ಭಾಷೆಯವರೊಬ್ಬರು ನಿಮ್ಮ ಊರಿನಲ್ಲಿದ್ದರೆ ವಾರಕ್ಕೆ ಮೂರು ದಿನ ಅವರ ಮುಂದೆ ಕೂರಿ. ಇಲ್ಲವೇ ಫೋನಿನಲ್ಲಿ, ಅವರು ಹೇಳಿದ ಕಥೆಯನ್ನು ನೀವು ತಿರುಗಿ ಹೇಳಿ ತಿದ್ದಿಸಿಕೊಳ್ಳಿ. 1910ರ ಎಡಿನ್‌ಬರೋ ವಿಶ್ವ ಮಿಷನರಿ ಸಮ್ಮೇಳನದ ಎಂಟು ಆಯೋಗಗಳಲ್ಲಿ ಐದನೆಯದು ಮಿಷನರಿಗಳ ತಯಾರಿಗೇ ಮೀಸಲಾಗಿತ್ತು. ಹೊರಡುವ ಮುಂಚಿನ ತಯಾರಿಗೆ ಇಂದಿಗೂ ಎಲ್ಲರೂ ಹಣ ತೆಗೆದಿಡುತ್ತಾರೆ, ಆರನೆಯ ವರ್ಷದವರಿಗೆ ತೆಗೆದಿಡುವವರು ಕಡಿಮೆ. ನಿಮ್ಮ ಸಂಸ್ಥೆಯನ್ನು ಕೇಳಿಯೇ ಕೇಳಿ.

ಪ್ರಶ್ನೆ: ನಾನು ಸಭಾಹಿರಿಯ, ಪದವಿ ಇಲ್ಲ. ಆರು ತಿಂಗಳಲ್ಲಿ ಅಂಚೆಯಲ್ಲೇ ದೈವಶಾಸ್ತ್ರದ ಡಾಕ್ಟರೇಟ್ ಕೊಡುವ ಸಂಸ್ಥೆಯೊಂದು ಕರೆದಿದೆ. ಸೇರಬಹುದೇ?

ಉತ್ತರ: ಬೇಡ. ಸೇವಾ ಕ್ಷೇತ್ರದ ನಿಜವಾದ ಡಾಕ್ಟರೇಟಿಗೆ ಸಾಮಾನ್ಯವಾಗಿ ದೈವಶಾಸ್ತ್ರದ ಸ್ನಾತಕೋತ್ತರ ಪದವಿ, ಅದರ ಮೇಲೆ ಕೆಲವು ವರ್ಷದ ಸೇವೆ ಇರಲೇಬೇಕು. ಯಾವ ಸಂಸ್ಥೆಯಾದರೂ ಮೂರು ವಿಷಯ ಕೇಳಿ: ಮಾನ್ಯತೆ ಕೊಟ್ಟವರು ಯಾರು, ಕಲಿಸುವವರು ಯಾರು, ನನ್ನ ಬರಹವನ್ನು ಓದಿ ತಿದ್ದುವವರು ಯಾರು. ಮಾನ್ಯತೆ ಕೊಟ್ಟವರನ್ನು ನೇರವಾಗಿ ವಿಚಾರಿಸಿ. ಸಂಸ್ಥೆಯೇ ತನಗೊಂದು ಮಾನ್ಯತಾ ಮಂಡಳಿ ಕಟ್ಟಿಕೊಂಡಿರುವುದೂ ಉಂಟು.

ಪದವಿ ಇಲ್ಲವೆಂದು ಕುಗ್ಗಬೇಡಿ. ಮೆಥಡಿಸ್ಟ್ ಚಳವಳಿ ಶುರುಮಾಡಿದ ಜಾನ್ ವೆಸ್ಲಿಯ ಬೋಧಕರಲ್ಲಿ ಹೆಚ್ಚಿನವರು ವಿಶ್ವವಿದ್ಯಾಲಯ ಕಂಡವರಲ್ಲ. ಆ ಬೋಧಕರಿಗೆಂದು ವೆಸ್ಲಿ ದಿನಕ್ಕೆ ಐದು ಗಂಟೆ ಓದಿನ ನಿಯಮ ಇಟ್ಟರು, 1749ರಿಂದ 1755ರವರೆಗೆ ಹಳೆಯ ಒಳ್ಳೆಯ ಬರಹಗಳನ್ನು ಸಂಕ್ಷೇಪಿಸಿ 50 ಸಂಪುಟ ಅಚ್ಚು ಹಾಕಿಸಿದರು. ನೀವು ದಿನಕ್ಕೆ ಒಂದು ಗಂಟೆ ಕೊಟ್ಟರೂ ಸಾಕು. ವಿಸ್ತರಣಾ ಕೋರ್ಸೊಂದಕ್ಕೆ ಸೇರಿ, ಗುಂಪಿನಲ್ಲಿ ಓದಿ.

ಪ್ರಶ್ನೆ: ನಾನು ಸಭೆಯ ಖಜಾಂಚಿ. ನಮ್ಮ ಅಯ್ಯನವರು ಓದಿಗೆ ರಜೆ ಮತ್ತು ಹಣ ಕೇಳಿದ್ದಾರೆ. ಇದು ಸಭೆಯ ಹೊಣೆಯೇ?

ಉತ್ತರ: ಹೌದು, ಸಹೋದರರೇ. ಕಥೋಲಿಕ ಸಭೆ ಇದನ್ನು ಕಾನೂನಿನಲ್ಲೇ ಬರೆದಿದೆ: 1983ರ ಧರ್ಮಸಭಾ ಸಂಹಿತೆಯ 279ನೆಯ ನಿಯಮ, ಗುರುದೀಕ್ಷೆಯ ನಂತರವೂ ಗುರುಗಳು ಪವಿತ್ರ ವಿದ್ಯೆಗಳ ಅಧ್ಯಯನ ಮುಂದುವರಿಸಬೇಕೆನ್ನುತ್ತದೆ. 1992ರಲ್ಲಿ ಪೋಪ್ ಎರಡನೆಯ ಜಾನ್ ಪೌಲ್ ಗುರುಗಳನ್ನು ರೂಪಿಸುವ ಬಗ್ಗೆ ಬರೆದ ಪತ್ರದ ಕೊನೆಯ ಅಧ್ಯಾಯ ಪೂರ್ತಿ ಈ ನಿರಂತರ ಕಲಿಕೆಗೇ ಮುಡಿಪು. ನಿಮ್ಮ ಪಂಗಡದಲ್ಲಿ ಬರೆದ ನಿಯಮ ಇಲ್ಲದಿದ್ದರೂ ಸಭೆಯೇ ಮಾಡಿಕೊಳ್ಳಬಹುದು. ವಾರ್ಷಿಕ ಬಜೆಟ್ಟಿನಲ್ಲಿ ಪುಸ್ತಕ ಮತ್ತು ತರಬೇತಿಗೆ ಪ್ರತ್ಯೇಕ ಬಾಬ್ತು ಇಡಿ, ಪ್ರತಿ ವರ್ಷ ಅಯ್ಯನವರು ಕೈಚಾಚಿ ಕೇಳುವಂತಾಗಬಾರದು. ಓದಿನ ದಿನಗಳನ್ನು ಅವರ ವಾರ್ಷಿಕ ರಜೆಯಿಂದ ಕಳೆಯಬೇಡಿ. ಇದನ್ನು ಕಮಿಟಿಯ ನಡಾವಳಿ ಪುಸ್ತಕದಲ್ಲಿ ಬರೆಸಿ, ಮುಂದೆ ಬರುವ ಪಾಲಕರಿಗೂ ಅನ್ವಯವಾಗಲಿ. ಆ ಭಾನುವಾರಗಳಲ್ಲಿ ವೇದಿಕೆಗೆ ಯಾರು ಎಂಬ ಪ್ರಶ್ನೆ ಬರುತ್ತದೆ. ಮೇಲಿನ ಪತ್ರ ಬರೆದ ಹಿರಿಯರಂಥವರು ನಿಮ್ಮಲ್ಲೂ ಇದ್ದಾರೆ. ಈಗಿನಿಂದಲೇ ಅವರಿಗೂ ಅಯ್ಯನವರ ಜೊತೆ ಕೂತು ಪ್ರಸಂಗ ಸಿದ್ಧಪಡಿಸಲು ಹೇಳಿ.