ಆಶಾ ಅವರನ್ನು ಖೋಲಿಯೊಳಗೆ ಕರೆಯಿರಿ

ಪ್ರಶ್ನೆ: ತಂಗಿ ಬಾಣಂತನಕ್ಕೆ ಗದಗ-ಬೆಟಗೇರಿಯ ನಮ್ಮ ಮನೆಗೆ ಬಂದಿದ್ದಾಳೆ. ಕೂಸು ಹುಟ್ಟಿದಾಗ 2.2 ಕೆಜಿ ಇತ್ತು. ಏನೂ ತೊಂದರೆ ಇಲ್ಲ ಎಂದು ಆಸ್ಪತ್ರೆಯವರು ಕಳಿಸಿದ್ದಾರೆ. ಆದರೂ ಆಶಾ ಕಾರ್ಯಕರ್ತೆ ಮತ್ತೆ ಮತ್ತೆ ಬಂದು ಕೂಸನ್ನು ತೂಗುತ್ತಾರೆ. ದೃಷ್ಟಿ ಆಗುತ್ತದೆ ಎಂದು ಅವ್ವನಿಗೆ ಸಿಟ್ಟು. ನಮ್ಮದು ನೇಯ್ಗೆ ಕೂಲಿ, ಒಂದೇ ಖೋಲಿ. ಹೊರಗಿನವರು ಒಳಗೆ ಬಂದರೆ ನನಗೂ ಸಂಕೋಚ. ಬೇಡ ಎನ್ನಬಹುದಾ?

ಉತ್ತರ: ದಯವಿಟ್ಟು ಬೇಡ ಎನ್ನಬೇಡಿ. ನಮ್ಮ ದೇಶದಲ್ಲಿ ಹುಟ್ಟಿ ತಿಂಗಳೊಳಗೆ ತೀರಿಕೊಳ್ಳುವ ಕೂಸುಗಳಲ್ಲಿ ಹೆಚ್ಚಿನವು ಮೊದಲ ವಾರದಲ್ಲೇ ಹೋಗುತ್ತವೆ. ಅಷ್ಟರಲ್ಲಿ ಬಹಳಷ್ಟು ಬಾಣಂತಿಯರು ಆಸ್ಪತ್ರೆಯಿಂದ ಮನೆಗೆ ಬಂದಿರುತ್ತಾರೆ. ಅದಕ್ಕೇ 3, 7, 14, 21, 28 ಮತ್ತು 42ನೇ ದಿನ ಈ ಭೇಟಿ. ಮನೆಯಲ್ಲೇ ಹೆರಿಗೆಯಾದರೆ ಮೊದಲ ದಿನವೂ ಬರಬೇಕು. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ಹಳ್ಳಿಯ ಹೆಣ್ಣುಮಕ್ಕಳಿಗೇ ತರಬೇತಿ ಕೊಟ್ಟು ಮನೆಮನೆಗೆ ಕಳಿಸಿದರು. ಅಲ್ಲಿ ಎಳೆಗೂಸುಗಳ ಸಾವು ಅರ್ಧಕ್ಕಿಂತ ಕೆಳಗಿಳಿಯಿತು. 2011ರಲ್ಲಿ ಸರ್ಕಾರ ಇದನ್ನು ದೇಶಕ್ಕೆಲ್ಲ ತಂದಿತು.

ನಿಮ್ಮ ಕೂಸು ಎರಡೂವರೆ ಕೆಜಿಗಿಂತ ಕಡಿಮೆ ಇದೆ. ಇಂಥ ಕೂಸು ಬೇಗ ತಣ್ಣಗಾಗುತ್ತದೆ, ಚೀಪುತ್ತಲೇ ದಣಿಯುತ್ತದೆ. ಹಾಲು ಸಾಲುತ್ತಿದೆಯಾ ಎಂದು ತಿಳಿಯಲು ತೂಗಲೇಬೇಕು. ಅವ್ವನವರ ಜತೆ ವಾದ ಬೇಡ. ಬಾಗಿಲು ಹಾಕಿಕೊಂಡು, ಮನೆಯವರಷ್ಟೇ ಇದ್ದಾಗ ತೂಗಲು ಹೇಳಿ, ಒಪ್ಪುತ್ತಾರೆ. ದೃಷ್ಟಿಬೊಟ್ಟು ಅಂಗಾಲಿಗೆ ಇಡಲಿ, ಕಣ್ಣಿಗೆ ಮಾತ್ರ ಕಾಡಿಗೆ ಬೇಡ.

ನನಗೆ ಜಾಸ್ತಿ ಚಿಂತೆ ಆ ಒಂದೇ ಖೋಲಿಯದ್ದು. ನಮ್ಮ ಕಡೆ ಬಾಣಂತಿಯ ಹೊರಸಿನ ಕೆಳಗೆ ಕೆಂಡ ಇಟ್ಟು, ಲೋಬಾನ ಹಾಕಿ, ಗಾಳಿ ತಾಗದಿರಲಿ ಎಂದು ಕಿಟಕಿ ಮುಚ್ಚುತ್ತಾರೆ. ಮುಚ್ಚಿದ ಖೋಲಿಯಲ್ಲಿ ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ವಾಸನೆಯಿಲ್ಲ, ಮಲಗಿದವರು ಮಲಗಿದಂತೆಯೇ ಜೀವ ಹೋಗಬಹುದು. ಕೂಸಿಗೆ ಬೆಚ್ಚಗೆ ಬೇಕು, ನಿಜ. ತಾಯಿ ಎಚ್ಚರ ಇದ್ದಾಗ ಎದೆಯ ಮೇಲೆ, ಮೈಗೆ ಮೈ ತಾಗಿಸಿ, ಕೂಸಿಗೆ ಟೊಪ್ಪಿಗೆ ಹಾಕಿ ಇಟ್ಟುಕೊಳ್ಳಲಿ. ಮಲಗಿಸುವಾಗ ಅಂಗಾತ ಮಲಗಿಸಿ. ಮುಖದ ಹತ್ತಿರ ದಿಂಬು, ಕೌದಿ ಇರಬಾರದು. ಹೊಕ್ಕುಳಿಗೆ ಬೂದಿ, ಎಣ್ಣೆ ಏನೂ ಹಚ್ಚಬೇಡಿ. ಇವೆಲ್ಲ ಹೊಸ್ತಿಲಲ್ಲಿ ನಿಂತರೆ ಕಾಣುತ್ತವೆಯಾ? ಬಾಗಿಲಲ್ಲೇ ಸುಮ್ನೆ ವಿಚಾರಿಸಿ ಹೋಗುವುದನ್ನು ನಾನು ಭೇಟಿ ಎನ್ನುವುದಿಲ್ಲ. ಹಾಗೆ ಹೊರಟರೆ ನೀವೇ ಒಳಗೆ ಕರೆದು ಕೂಡ್ರಿಸಿ, ಕೂಸು ಮಲಗುವ ಜಾಗ ತೋರಿಸಿ. ಬಡತನ ಮುಚ್ಚಿಡಬೇಕಾದ ತಪ್ಪೇನಲ್ಲ.

ಕೂಸು ಹಾಲು ಬಿಟ್ಟರೆ, ಎಬ್ಬಿಸಿದರೂ ಏಳದಿದ್ದರೆ, ಮೈ ಸುಟ್ಟರೆ ಅಥವಾ ತಣ್ಣಗಾದರೆ, ಉಸಿರು ನಿಮಿಷಕ್ಕೆ 60 ಅಥವಾ ಹೆಚ್ಚಾದರೆ, ಅಂಗಾಲು ಹಳದಿಯಾದರೆ, ಫಿಟ್ಸ್ ಬಂದರೆ ಮುಂದಿನ ಭೇಟಿಗೆ ಕಾಯಬೇಡಿ. 108ಕ್ಕೆ ಫೋನ್ ಮಾಡಿ.

ತಂಗಿ ಗಂಡನ ಮನೆಗೆ ಹೊರಡುವ ಮೊದಲು ಆಶಾ ಅವರಿಗೆ ತಿಳಿಸಿ, ಆ ಊರಿನ ಆಶಾ ಫೋನ್ ನಂಬರ್ ಕೇಳಿ ಇಟ್ಟುಕೊಳ್ಳಿ. ತಾಯಿ ಕಾರ್ಡ್ ಜತೆಗಿರಲಿ. ತವರಿನಿಂದ ಹೋದವರು, ಗುಳೆ ಹೋದವರು ಎರಡೂ ಊರಿನ ಪಟ್ಟಿಯಿಂದ ತಪ್ಪಿಹೋಗುವುದುಂಟು. 3, 6, 9, 12 ಮತ್ತು 15ನೇ ತಿಂಗಳಲ್ಲೂ ಮನೆಗೆ ಬಂದು ನೋಡುವ ವ್ಯವಸ್ಥೆ ಇದೆ, ಅದು ಅಲ್ಲಿ ಮುಂದುವರಿಯಬೇಕು.