'ಗೈಸ್' ಅಂದರೆ ಏನು? ಹುಡುಗಿಯರನ್ನೂ ಹಾಗೆ ಕರೀಬಹುದಾ?

ಕರೀಬಹುದು. ಆದರೆ ಬಹುವಚನದಲ್ಲಿ ಮಾತ್ರ.

'ಗೈ' ಅಂದರೆ ಒಬ್ಬ ಗಂಡಸು. ಮಂಡ್ಯದ ಕಡೆ 'ಅವಯ್ಯ' ಅಂತೀವಲ್ಲ, ಹೆಚ್ಚುಕಮ್ಮಿ ಅದೇ. 'ನೈಸ್ ಗೈ' ಅಂದರೆ ಒಳ್ಳೇ ಮನುಷ್ಯ. ಒಬ್ಬ ಹುಡುಗಿಯನ್ನು ತೋರಿಸಿ 'ದಟ್ ಗೈ' ಅಂದರೆ ತಪ್ಪು. ಆದರೆ ಮಾನಸಗಂಗೋತ್ರಿಯ ಕ್ಯಾಂಟೀನಲ್ಲಿ ಬರೀ ಹುಡುಗಿಯರೇ ಕೂತಿದ್ದರೂ 'ಹಾಯ್ ಗೈಸ್' ನಡೆಯುತ್ತದೆ.

ಕಾರಣ ಸರಳ. ನಮಗೆ 'ನೀನು', 'ನೀವು' ಎರಡೂ ಇವೆ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ 'ಯೂ'. ಆ ಕೊರತೆ ತುಂಬೋಕೆ 'ಯೂ ಗೈಸ್', ಅಂದರೆ 'ನೀವೆಲ್ಲ'.

ಪದದ ಹುಟ್ಟು ಇನ್ನೂ ಮಜವಾಗಿದೆ. 1605ರ ನವೆಂಬರ್ 5ರಂದು ಲಂಡನ್ನಿನ ಪಾರ್ಲಿಮೆಂಟನ್ನು ಉಡಾಯಿಸೋ ಸಂಚು ಇತ್ತು. 36 ಪೀಪಾಯಿ ಸಿಡಿಮದ್ದಿನ ಕಾವಲಿಗಿದ್ದು ಸಿಕ್ಕಿಬಿದ್ದವನು ಗೈ ಫಾಕ್ಸ್. ಆಮೇಲೆ ಪ್ರತಿವರ್ಷ ಆ ದಿನ ಹಳೇ ಬಟ್ಟೆ ತೊಡಿಸಿದ ಗೊಂಬೆ ಮಾಡಿ, ನಾವು ಕಾಮನನ್ನು ಸುಡೋ ಹಾಗೆ ಸುಡೋ ರೂಢಿ ಬಂತು. ಆ ಗೊಂಬೆಗೇ 'ಗೈ' ಅಂತ ಹೆಸರು. ನಂತರ ವಿಚಿತ್ರ ಬಟ್ಟೆ ಹಾಕಿದವನೂ 'ಗೈ' ಆದ. ಅಮೆರಿಕದಲ್ಲಿ ಬೈಗುಳದ ವಾಸನೆ ಹೋಗಿ ಯಾವ ಗಂಡಸಾದರೂ 'ಗೈ' ಆದ. ನಮ್ಮಲ್ಲಿ 'ಗುರು' ಗದ್ದುಗೆಯಿಂದ ಇಳಿದು ಟೀ ಅಂಗಡಿಗೆ ಬಂದಿಲ್ವಾ, ಹಾಗೆ!

ಇಂಟರ್‌ವ್ಯೂನಲ್ಲಿ, ಹಿರಿಯರ ಮುಂದೆ ಬೇಡ. ಕೆಲವು ಹೆಂಗಸರಿಗೂ ಇದು ಹಿಡಿಸಲ್ಲ. ಅಲ್ಲೆಲ್ಲ 'ಎವ್ರಿಒನ್' ಸಾಕು.