ನಾಟಕದವರನ್ನು ಸಿನಿಮಾ, ಸೀರಿಯಲ್‌ನಲ್ಲಿ ಗುರುತಿಸೋದು ಹೇಗೆ? ಅವರು ಮಾತಾಡದೇ ಇರುವಾಗ ನೋಡಿ

ಕಾಂತಾರ ನೋಡುವಾಗ ಪಕ್ಕದಲ್ಲಿ ಕೂತ ಮಂಗಳೂರಿನ ಗೆಳೆಯ "ಇವರು ನಾಟಕದವರು, ಅವರೂ ನಾಟಕದವರು" ಅಂತ ಒಬ್ಬೊಬ್ಬರನ್ನೇ ತೋರಿಸಿದ, ನಿಮಗೆ ಏನೂ ವ್ಯತ್ಯಾಸ ಕಾಣಲಿಲ್ಲ, ಹಾಗಾದರೆ ಅವನಿಗೆ ಹೇಗೆ ಗೊತ್ತಾಯಿತು, ದೊಡ್ಡ ದನಿಯಲ್ಲಿ ಡೈಲಾಗ್ ಹೇಳಿದರೆ ನಾಟಕದವರು ಅಂತಲಾ? ಇಷ್ಟು ನೀವು ಕೇಳಿದ್ದು.

ದೊಡ್ಡ ದನಿ ಅಲ್ಲ. ಹಾಗೆ ಅಂದುಕೊಂಡವರು ಬಹಳ ಜನ ಇದ್ದಾರೆ, ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ. ಅವರು ಮಾತಾಡದೇ ಇರುವಾಗ ನೋಡಿ, ಗೊತ್ತಾಗುತ್ತದೆ.

ನಾನು ಉಡುಪಿಯವಳು. ಇಲ್ಲಿನ ಒಂದು ಹವ್ಯಾಸಿ ತಂಡದಲ್ಲಿ 14 ವರ್ಷದಿಂದ ಪ್ರಾಂಪ್ಟಿಂಗ್ ಮಾಡುತ್ತಿದ್ದೇನೆ. ಸೈಡ್ ವಿಂಗ್‌ನಲ್ಲಿ ಸ್ಟೂಲ್ ಹಾಕಿಕೊಂಡು, ಸ್ಕ್ರಿಪ್ಟ್ ಮೇಲೆ ಸಣ್ಣ ಟಾರ್ಚ್ ಬಿಟ್ಟುಕೊಂಡು, ಯಾರಾದರೂ ಮಾತು ಮರೆತರೆ ಮೊದಲ ಎರಡು ಶಬ್ದ ಎತ್ತಿ ಕೊಡುವ ಕೆಲಸ. ಪ್ರೇಕ್ಷಕರಿಗೆ ನಟರ ಮುಖ ಕಾಣುತ್ತದೆ. ನನಗೆ ಕಾಣುವುದು ಅವರ ಕಿವಿ, ಕುತ್ತಿಗೆ, ಬೆನ್ನು, ಹಿಮ್ಮಡಿ. ಮಾತು ಮರೆಯುವವರು ಯಾರು ಅಂತ ಅವರಿಗಿಂತ ಮೊದಲು ನನಗೆ ಗೊತ್ತಾಗುತ್ತದೆ, ಯಾಕೆಂದರೆ ಬಾಯಿ ತಡವರಿಸುವ ಮೊದಲೇ ಹೆಗಲು ಒಂದು ಚೂರು ಮೇಲೆ ಹೋಗಿರುತ್ತದೆ. ಹಾಗಾಗಿ ಟೀವಿ ನೋಡುವಾಗಲೂ ನನ್ನ ಕಣ್ಣು ಮಾತಾಡುವವರ ಮೇಲೆ ಕಡಿಮೆ, ಪಕ್ಕದಲ್ಲಿ ಸುಮ್ನೆ ನಿಂತವರ ಮೇಲೆ ಜಾಸ್ತಿ.

ನಾಟಕದಲ್ಲಿ ಕಟ್ ಇಲ್ಲ. ಎರಡು ಗಂಟೆಯ ನಾಟಕದಲ್ಲಿ ಒಬ್ಬರಿಗೆ 20 ಮಾತು ಇರಬಹುದು, ಆದರೆ ಒಂದು ಗಂಟೆ ಅವರು ರಂಗದ ಮೇಲೆ ಇರಲೇಬೇಕು. ಆ ಇಡೀ ಹೊತ್ತು ಯಾರು ಬೇಕಾದರೂ ಅವರನ್ನು ನೋಡಬಹುದು. ಎದುರಿನವರು ಹೇಳುವ ಮಾತನ್ನು ರಿಹರ್ಸಲ್‌ನಲ್ಲಿ ನೂರು ಸಲ ಕೇಳಿ ಆಗಿದೆ, ಆದರೂ ಇವತ್ತು ಮೊದಲ ಸಲ ಕೇಳಬೇಕು. ಇದನ್ನು ಕಲಿಯಲು ವರ್ಷಗಳು ಬೇಕು, ಕಲಿತ ಮೇಲೆ ಮೈಯಿಂದ ಹೋಗುವುದಿಲ್ಲ. ಶೂಟಿಂಗ್‌ನಲ್ಲಿ ಒಬ್ಬರ ಕ್ಲೋಸಪ್ ತೆಗೆಯುವಾಗ ಎದುರಿನ ಪಾತ್ರಧಾರಿ ಅಲ್ಲಿ ಇರುತ್ತಾರೆ ಅಂತಲೂ ಇಲ್ಲ, ಅಸಿಸ್ಟೆಂಟ್ ಡೈರೆಕ್ಟರ್ ಪಕ್ಕದಲ್ಲಿ ನಿಂತು ಆ ಮಾತು ಓದುವುದೂ ಉಂಟು. ಅಲ್ಲಿಯೂ ನಾಟಕದಿಂದ ಬಂದವರು ನಿಜವಾಗಿ ಕೇಳುತ್ತಿರುತ್ತಾರೆ.

ಕಾಂತಾರದಿಂದಲೇ ಹೇಳುತ್ತೇನೆ. ಊರ ಧಣಿ ದೇವೇಂದ್ರ ಸುತ್ತೂರು ಮಾಡಿದವರು ಅಚ್ಯುತ್ ಕುಮಾರ್. ಹೆಗ್ಗೋಡಿನ ರಂಗಶಾಲೆ ನೀನಾಸಂನಲ್ಲಿ ಕಲಿತವರು. ಆ ಪಾತ್ರದ ಒಳಗೆ ಏನಿದೆ ಅಂತ ಕೊನೆಯವರೆಗೂ ಬಿಟ್ಟುಕೊಡಬಾರದು, ಮತ್ತೆ ಎರಡನೇ ಸಲ ನೋಡಿದವರಿಗೆ ಮೋಸ ಅನ್ನಿಸಲೂಬಾರದು. ಎರಡನೇ ಸಲ ನೋಡುವಾಗ ಬೇರೆಯವರು ಮಾತಾಡುವ ಕಡೆಯಲ್ಲೆಲ್ಲಾ ಅವರನ್ನು ಮಾತ್ರ ನೋಡಿ. ನಗು ಮುಖದಲ್ಲಿ ಇರುತ್ತದೆ, ಕಣ್ಣು ಲೆಕ್ಕ ಹಾಕುತ್ತಿರುತ್ತದೆ. ಅದೇ ಮನುಷ್ಯ ಲೂಸಿಯಾದಲ್ಲಿ ಟಾಕೀಸ್ ಮಾಲೀಕ ಶಂಕರಣ್ಣ ಆಗಿದ್ದಾಗ ಆ ಕಣ್ಣಲ್ಲಿ ಬರೀ ಅಕ್ಕರೆ ಇತ್ತು.

ಗುರುವ ಮಾಡಿದ ಸ್ವರಾಜ್ ಶೆಟ್ಟಿಯವರನ್ನು ಕರಾವಳಿಯವರು ನೋಡಿದ ಕೂಡಲೇ ಗುರುತಿಸಿದ್ದಕ್ಕೆ ಕಾರಣ ಬೇರೆ. ವಿಜಯಕುಮಾರ್ ಕೊಡಿಯಾಲ್‌ಬೈಲ್ ಅವರ ಶಿವದೂತೆ ಗುಳಿಗೆ ನಾಟಕ ನೂರಾರು ಪ್ರದರ್ಶನ ಕಂಡಿದೆ, ಅದರಲ್ಲಿ ಗುಳಿಗ ದೈವವಾಗಿ ಅಬ್ಬರಿಸುವವರು ಅವರೇ. ಗುಳಿಗನಲ್ಲಿ ಅಷ್ಟು ಬೆಂಕಿ ಇಟ್ಟುಕೊಂಡ ಮೈ ಗುರುವನಲ್ಲಿ ಎಷ್ಟು ಮೆತ್ತಗೆ ನಿಲ್ಲುತ್ತದೆ! ಎಷ್ಟು ಬಿಡಬೇಕು, ಎಷ್ಟು ಒಳಗೇ ಇಟ್ಟುಕೊಳ್ಳಬೇಕು ಅನ್ನೋದು ಗೊತ್ತಿಲ್ಲದಿದ್ದರೆ ಹೀಗೆ ಮಾಡಲು ಆಗುವುದಿಲ್ಲ. ರಾಂಪನ ಪಾತ್ರದ ಪ್ರಕಾಶ್ ತುಮಿನಾಡ್ ಕೂಡ ನಾಟಕದಿಂದ ಬಂದವರೇ.

ಒಂದು ಕಡೆ ಮಾತ್ರ ಸ್ವಲ್ಪ ಜಾಗ್ರತೆ ಬೇಕು. ನಾಯಕ ಶಿವನ ಅಮ್ಮ ಕಮಲ ಆದ ಮಾನಸಿ ಸುಧೀರ್ ಅವರನ್ನೂ ಜನ ಬರೀ "ನಾಟಕದವರು" ಅಂತಷ್ಟೇ ಹೇಳಿಬಿಡುತ್ತಾರೆ. ಅವರು ನಮ್ಮ ಉಡುಪಿಯ ಭರತನಾಟ್ಯ ಕಲಾವಿದೆ, ನೃತ್ಯ ಗುರು. ಆ ಪಾತ್ರ ಬೈಯುವಾಗ ಕಣ್ಣು ಮತ್ತು ಕುತ್ತಿಗೆ ಮಾತಿಗಿಂತ ಕಾಲು ಕ್ಷಣ ಮೊದಲು ಓಡುತ್ತದೆ. ಅದು ನೃತ್ಯದ ಅಭಿನಯ ಕಲಿತವರ ರೀತಿ. ನಾಟಕದವರಲ್ಲಿ ಸಾಮಾನ್ಯವಾಗಿ ಮೊದಲು ಉಸಿರು ಬದಲಾಗುತ್ತದೆ, ಆಮೇಲೆ ಕಣ್ಣು.

ಈಗ ದನಿಯ ವಿಷಯ. ದನಿಯಲ್ಲಿ ಗುರುತು ಉಂಟು, ಆದರೆ ಜೋರಿನಲ್ಲಿ ಅಲ್ಲ, ವಾಕ್ಯದ ಕೊನೆಯಲ್ಲಿ. ಕನ್ನಡದಲ್ಲಿ ಕ್ರಿಯಾಪದ ಬರುವುದು ಕೊನೆಗೆ ಅಲ್ವಾ? ಹೋದನೋ, ಹೋಗುತ್ತಾನೋ, ಹೋಗಲಿಲ್ಲವೋ, ಎಲ್ಲಾ ಕೊನೆಯ ಒಂದೆರಡು ಅಕ್ಷರದಲ್ಲಿ ಇರುತ್ತದೆ. ಹೊಸಬರು ಉಸಿರನ್ನೆಲ್ಲಾ ವಾಕ್ಯದ ಆರಂಭಕ್ಕೆ ಸುರಿದು ಕೊನೆಯನ್ನು ನುಂಗುತ್ತಾರೆ. ಹಿಂದಿನ ಸಾಲಿನಲ್ಲಿ ಕೂತ ಅಜ್ಜನಿಗೆ "ಹೋಗಲಿಲ್ಲ" ಅನ್ನೋದರ "ಇಲ್ಲ" ಕೇಳದೆ ಹೋದರೆ ಕಥೆಯೇ ತಿರುಗಿಹೋಯಿತು. ಅದಕ್ಕೇ ರಿಹರ್ಸಲ್‌ನಲ್ಲಿ ನಮ್ಮ ನಿರ್ದೇಶಕರು ಹಾಲ್‌ನ ಕೊನೆಯ ಬಾಗಿಲ ಹತ್ತಿರ ನಿಂತು ಬರೀ ವಾಕ್ಯದ ಬಾಲ ಕೇಳುತ್ತಾರೆ. ಸೀರಿಯಲ್ ಹಾಕಿ ಕಣ್ಣು ಮುಚ್ಚಿಕೊಳ್ಳಿ. ಪಿಸುಮಾತಿನಲ್ಲೂ ಕೊನೆಯ ಅಕ್ಷರ ಪೂರ್ತಿ ಕೇಳಿಸಿದರೆ ಕಣ್ಣು ಬಿಟ್ಟು ಅದು ಯಾರು ಅಂತ ನೋಡಿ. ಆದರೆ ಹಲವು ಸಿನಿಮಾಗಳಲ್ಲಿ ಮುಖ ಒಬ್ಬರದ್ದು, ಡಬ್ಬಿಂಗ್ ದನಿ ಇನ್ನೊಬ್ಬರದ್ದು ಇರುತ್ತದೆ. ಹಾಗಾಗಿ ಬರೀ ಕಿವಿ ನಂಬಬೇಡಿ.

ಸೀರಿಯಲ್‌ನಲ್ಲಿ ಇನ್ನೊಂದು ಸುಲಭದ ಜಾಗ ಉಂಟು. ಯಾರೋ ಒಬ್ಬರು ದೊಡ್ಡ ಗುಟ್ಟು ಹೇಳುತ್ತಾರೆ, ಢಣ್ ಅಂತ ಮ್ಯೂಸಿಕ್, ಆಮೇಲೆ ಕ್ಯಾಮೆರಾ ಮನೆಯವರ ಮುಖದ ಮೇಲೆಲ್ಲಾ ಒಂದೊಂದು ಸುತ್ತು ಬರುತ್ತದೆ. ತುಂಬಾ ಜನ ಒಂದೇ ಭಾವ ಹಿಡಿದು ನಿಲ್ಲುತ್ತಾರೆ, ಫೋಟೋಗೆ ನಿಂತ ಹಾಗೆ. ಮೂಲೆಯಲ್ಲಿ ಒಬ್ಬರು ಅಜ್ಜಿಯೋ ಮನೆಕೆಲಸದವರೋ ಇರುತ್ತಾರೆ, ಅವರ ಮುಖದಲ್ಲಿ ಮಾತ್ರ ಸುದ್ದಿ ನಿಧಾನಕ್ಕೆ ಇಳಿಯುವುದು ಕಾಣುತ್ತದೆ. ಮೊದಲು ಅರ್ಥ ಆಗಿರುವುದಿಲ್ಲ, ಆಮೇಲೆ ಅರ್ಥ ಆಗುತ್ತದೆ, ಆಮೇಲೆ ಅವರು ಯಾರನ್ನೋ ಹುಡುಕಿ ನೋಡುತ್ತಾರೆ. ನಮ್ಮ ಅಮ್ಮ ಒಂದು ದಿನವೂ ನಾಟಕ ಮಾಡಿದವರಲ್ಲ. ಆದರೂ ಇಂಥ ಒಬ್ಬರನ್ನು ಕಂಡ ಕೂಡಲೇ ಬೀನ್ಸ್ ಮುರಿಯೋದು ನಿಲ್ಲಿಸಿ "ಈ ಹೆಂಗಸು ಯಾರು ಮಾರಾಯ್ತಿ, ಒಳ್ಳೆ ಮಾಡ್ತಾರೆ" ಅನ್ನುತ್ತಾರೆ. ಆಮೇಲೆ ಹುಡುಕಿದರೆ ಸಾಮಾನ್ಯವಾಗಿ ಮೈಸೂರಿನ ನಾಟಕ ಸಂಸ್ಥೆ ರಂಗಾಯಣವೋ, ಊರೂರು ಸುತ್ತಿ ನಾಟಕ ಆಡುವ ನೀನಾಸಂ ತಿರುಗಾಟವೋ, ಬೆಂಗಳೂರಿನ ಯಾವುದೋ ಹಳೇ ತಂಡವೋ ಸಿಗುತ್ತದೆ.

ಉಮಾಶ್ರೀಯವರು ಇದಕ್ಕೆ ದೊಡ್ಡ ಉದಾಹರಣೆ. ನಾನು ಚಿಕ್ಕವಳಿದ್ದಾಗ ಅವರು ಅಂದರೆ ಸಿನಿಮಾದ ಕಾಮಿಡಿ ಪಾತ್ರ ಅಂತಷ್ಟೇ ತಿಳಿದಿದ್ದೆ. ಒಡಲಾಳ ನಾಟಕದ ಸಾಕವ್ವ ಅವರೇ ಅಂತ ತಂಡಕ್ಕೆ ಸೇರಿದ ಮೇಲೆ ಗೊತ್ತಾಯಿತು. 2008ರ ಗುಲಾಬಿ ಟಾಕೀಸ್ ನಮ್ಮ ಕುಂದಾಪುರದ ಕಡೆಯ ಮೀನುಗಾರರ ಊರಿನ ಕಥೆ, ಅದರಲ್ಲಿ ಸೂಲಗಿತ್ತಿ ಗುಲಾಬಿ ಆಗಿ ಅವರು ರಾಷ್ಟ್ರಪ್ರಶಸ್ತಿ ಪಡೆದರು. ಅದರಲ್ಲಿ ಗುಲಾಬಿ ಟೀವಿ ನೋಡುತ್ತಾ ಕೂರುತ್ತಾಳೆ. ಸುಮ್ನೆ ನೋಡುವುದು, ಅಷ್ಟೇ. ಆದರೆ ಆ ಮುಖ ನೋಡಿದರೆ ಟೀವಿಯಲ್ಲಿ ಏನಾಗುತ್ತಿದೆ ಅಂತ ನಮಗೆ ಗೊತ್ತಾಗುತ್ತದೆ. ಆಮೇಲೆ ಪುಟ್ಟಕ್ಕನ ಮಕ್ಕಳು ಸೀರಿಯಲ್‌ನಲ್ಲಿ ಮೆಸ್ ನಡೆಸುವ ಪುಟ್ಟಕ್ಕ ಆದಾಗಲೂ ಅದೇ ಕಣ್ಣು.

ತುಳು ನಾಟಕದವರದ್ದು ಬೇರೆ ಗುರುತು. ಮಂಗಳೂರಿನ ಪುರಭವನದಲ್ಲೋ, ಊರಿನ ಗದ್ದೆಯಲ್ಲಿ ಹಾಕಿದ ಸ್ಟೇಜಿನಲ್ಲೋ ನವೀನ್ ಡಿ. ಪಡೀಲ್, ಅರವಿಂದ ಬೋಳಾರ್, ಭೋಜರಾಜ ವಾಮಂಜೂರು ಅವರನ್ನು ನೋಡಿದವರಿಗೆ ಇದು ಗೊತ್ತು. ನಗು ಬಂದಾಗ ಅವರು ನಿಲ್ಲುತ್ತಾರೆ. ನಗು ಪೂರ್ತಿ ಇಳಿಯುವವರೆಗೆ ಕಾಯುವುದಿಲ್ಲ, ಇಳಿಯಲು ಶುರುವಾದ ಕೂಡಲೇ ಮುಂದಿನ ಮಾತು ಬೀಳುತ್ತದೆ. ಸಾವಿರ ರಾತ್ರಿ ಹೀಗೆ ಮಾಡಿದವರಿಗೆ ಶೂಟಿಂಗ್‌ನಲ್ಲಿ, ಯಾರೂ ನಗದ ಜಾಗದಲ್ಲೂ, ನಗು ಎಷ್ಟು ಉದ್ದ ಬರುತ್ತದೆ ಅಂತ ಗೊತ್ತಿರುತ್ತದೆ. 2011ರ ಒರಿಯರ್ದೊರಿ ಅಸಲ್ ಅದೇ ಹೆಸರಿನ ನಾಟಕದಿಂದ ಬಂದ ಸಿನಿಮಾ. ಮೊಬೈಲಿನಲ್ಲಿ ಒಬ್ಬರೇ ನೋಡಿದರೆ ಕೆಲವು ಕಡೆ ಮಾತಿನ ನಡುವೆ ಖಾಲಿ ಉಂಟು ಅನ್ನಿಸಬಹುದು. ಅದು ಖಾಲಿ ಅಲ್ಲ. ಥಿಯೇಟರಿನಲ್ಲಿ ಜನ ತುಂಬಿದಾಗ ಆ ಜಾಗ ನಗುವಿಗೆ ಸರಿಯಾಗಿ ಹೊಂದುತ್ತದೆ.

ನಿಲ್ಲುವ ರೀತಿಯನ್ನೂ ನೋಡಿ. ಊರ ನಾಟಕದಲ್ಲಿ ಮೈಕ್ ಮೇಲಿನಿಂದ ನೇತಾಡುತ್ತಿರುತ್ತದೆ, ಎದುರಿಗೆ ಜನ. ಎದುರಿನ ಪಾತ್ರದ ಜೊತೆ ಮಾತಾಡುವಾಗಲೂ ಅರ್ಧ ಮೈ ಜನರ ಕಡೆಗೆ ತೆರೆದಿರಬೇಕು. ಎಷ್ಟೋ ಹಳಬರು ಸಿನಿಮಾದಲ್ಲೂ ಹಾಗೇ ಮುಕ್ಕಾಲು ತಿರುಗಿ ನಿಂತಿರುತ್ತಾರೆ, ಎದುರಿನವರ ಹೆಗಲ ಆಚೆ ಇನ್ನೂ ಯಾರೋ ಕೂತಿದ್ದಾರೆ ಅನ್ನುವ ಹಾಗೆ.

ಯಕ್ಷಗಾನದಿಂದ ಬಂದವರನ್ನು ಇದರ ಜೊತೆ ಸೇರಿಸಬೇಡಿ. ಅವರಿಗೆ ಬರೆದು ಕೊಟ್ಟ ಡೈಲಾಗ್ ಇಲ್ಲ. ಪ್ರಸಂಗದ ಪದ್ಯ ಭಾಗವತರು ಹಾಡುತ್ತಾರೆ, ಅರ್ಥ ಅಲ್ಲೇ ಹುಟ್ಟಬೇಕು, ಎದುರು ವೇಷ ಕೇಳಿದ ಪ್ರಶ್ನೆಗೆ ಅಲ್ಲೇ ಉತ್ತರ ಕೊಡಬೇಕು. ಹಾಗಾಗಿ ಅವರು ಸಿನಿಮಾದಲ್ಲಿ ಬರೆದ ಮಾತು ಹೇಳಿದರೂ ಈಗ ಹೊಳೆದದ್ದನ್ನು ಹೇಳಿದ ಹಾಗೆ ಕೇಳಿಸುತ್ತದೆ.

ನನಗೆ ಇದೆಲ್ಲಾ ಮನಸ್ಸಿಗೆ ನಾಟಿದ್ದು ಒಂದು ಲೋಟದಿಂದ. ನಮ್ಮ ತಂಡದಲ್ಲಿ ಒಬ್ಬರು ಹಿರಿಯರು ಇದ್ದರು, ಹಗಲು ಬ್ಯಾಂಕ್ ಕೆಲಸ, ಸಂಜೆ ಆರರ ಮೇಲೆ ರಿಹರ್ಸಲ್. ಒಂದು ನಾಟಕದಲ್ಲಿ ಅವರು ಚಾ ಕುಡಿಯಬೇಕು. ಲೋಟ ಖಾಲಿ, ಯಾವತ್ತೂ ಖಾಲಿಯೇ. ಆದರೆ ಅವರು ಅದನ್ನು ಅಂಚಿನಲ್ಲಿ ಎರಡು ಬೆರಳಿನಿಂದ ಹಿಡಿದು, ಬಿಸಿ ತಾಗಿದ ಹಾಗೆ ಬೆರಳು ಬದಲಾಯಿಸಿ, ಊದಿ, ಮೊದಲ ಗುಟುಕು ಸಣ್ಣದು, ಎರಡನೆಯದು ಸ್ವಲ್ಪ ದೊಡ್ಡದು ಕುಡಿಯುತ್ತಿದ್ದರು. ಕೆಳಗೆ ಇಡುವಾಗ ಲೋಟ ಎತ್ತಿದ್ದಕ್ಕಿಂತ ಹಗುರ ಆಗಿರುತ್ತಿತ್ತು. ಮೂರಡಿ ದೂರದಲ್ಲಿ ಕೂತ ನನಗೆ ಖಾಲಿ ಅಂತ ಗೊತ್ತಿದ್ದೂ ಒಳಗೆ ಚಾ ಉಂಟು ಅನ್ನಿಸುತ್ತಿತ್ತು.

ಅವರು ನಿವೃತ್ತಿ ಆದ ಮೇಲೆ ತಂಡಕ್ಕೆ ಬರುವುದು ಕಡಿಮೆ ಆಯಿತು. ಎರಡು ಮೂರು ವರ್ಷದ ನಂತರ ಒಂದು ಸಿನಿಮಾ ನೋಡುತ್ತಿದ್ದೆ. ನಾಯಕ ಹೋಟೆಲಿಗೆ ಬಂದು ಯಾರದೋ ಮನೆ ಎಲ್ಲಿ ಅಂತ ವಿಚಾರಿಸುತ್ತಾನೆ. ಹಿಂದಿನ ಬೆಂಚಿನಲ್ಲಿ ಯಾರೋ ನಮಗೆ ಬೆನ್ನು ಹಾಕಿ ಕೂತಿದ್ದಾರೆ, ಮುಖ ಕಾಣುವುದಿಲ್ಲ, ಕೈಯಲ್ಲಿ ಲೋಟ. ಬೆರಳು ಬದಲಾಯಿತು. ಊದಿದರು. ಸಣ್ಣ ಗುಟುಕು. ನಾನು ಥಿಯೇಟರಿನಲ್ಲೇ ತಂಗಿಯ ಕೈ ಗಟ್ಟಿ ಹಿಡಿದು ಅವರ ಹೆಸರು ಹೇಳಿದೆ. ಆಮೇಲೆ ಅವರು ತಿರುಗಿ ಒಂದೇ ಒಂದು ಮಾತು ಹೇಳಿದರು, "ಆ ಮನೆಯವರು ಈಗ ಇಲ್ಲ." ಕೊನೆಯ ಅಕ್ಷರ ಎಷ್ಟು ಸ್ಪಷ್ಟ! ಟೈಟಲ್ ಕಾರ್ಡಿನಲ್ಲಿ ಅವರ ಹೆಸರು ಬರುವವರೆಗೆ ನಾವಿಬ್ಬರೂ ಎದ್ದಿಲ್ಲ.

ಇದನ್ನೂ ಮಾಡಿ, ಕೊನೆಯ ಹೆಸರುಗಳನ್ನು ಓದಿ. 2025ರ ಸು ಫ್ರಮ್ ಸೋ ಸಿನಿಮಾ ನಿಮ್ಮ ಅಭ್ಯಾಸಕ್ಕೆ ಒಳ್ಳೆಯದು, ಅದರಲ್ಲಿ ಊರಿನ ಜನ ಗುಂಪಾಗಿ ನಿಲ್ಲುವ ದೃಶ್ಯಗಳು ಬೇಕಾದಷ್ಟು ಉಂಟು, ನಿರ್ದೇಶಕ ಜೆ. ಪಿ. ತುಮಿನಾಡ್ ಅವರೂ ನಾಟಕದ ಹಿನ್ನೆಲೆಯವರು. ಒಂದು ಗುಂಪಿನ ದೃಶ್ಯ ಹಾಕಿ ಮುಂದೆ ಮಾತಾಡುವವರನ್ನು ಬಿಟ್ಟು ಮೂರನೇ ಸಾಲಿನಲ್ಲಿ ಒಬ್ಬರನ್ನು ಆರಿಸಿಕೊಳ್ಳಿ, ಕಟ್ ಆಗುವವರೆಗೆ ಅವರನ್ನೇ ನೋಡಿ. ಹತ್ತು ಸಲ ಹೀಗೆ ಮಾಡಿದರೆ ನಿಮ್ಮ ಗೆಳೆಯ ತೋರಿಸುವ ಮೊದಲು ನೀವೇ ತೋರಿಸುತ್ತೀರಿ.

ಆದರೆ ಪರದೆ ಮೇಲೆ ಗುರುತಿಸಬೇಕಾದರೆ ಒಮ್ಮೆಯಾದರೂ ಎದುರಿಗೆ ನೋಡಿರಬೇಕು. ಉಡುಪಿ ಎಂಜಿಎಂ ಕಾಲೇಜಿನ ಮುದ್ದಣ ಮಂಟಪದಲ್ಲಿ ರಂಗಭೂಮಿ ಸಂಸ್ಥೆಯವರ ನಾಟಕ ಸ್ಪರ್ಧೆ ಆಗುವಾಗ ಬನ್ನಿ, ಬೇರೆ ಬೇರೆ ಊರಿನ ತಂಡಗಳು ಬರುತ್ತವೆ. ನಡುವಿನ ಸೀಟು ಎಲ್ಲರಿಗೂ ಬೇಕು, ಬಿಟ್ಟುಬಿಡಿ. ಎರಡನೇ ಸಾಲಿನಲ್ಲಿ ತೀರಾ ಬದಿಯ ಸೀಟು ಹಿಡಿಯಿರಿ. ಅಲ್ಲಿಂದ ಮುಖ ಅರ್ಧ ಮಾತ್ರ ಕಾಣುತ್ತದೆ, ಕೈ, ಬೆನ್ನು, ಹಿಮ್ಮಡಿ ಪೂರ್ತಿ ಕಾಣುತ್ತದೆ.